ದೊಡ್ಡ ಗಾಲಿ ಮ್ಯಾಲಿನ ವಿಭೂತಿ

ನಮ್ಮ ಭಾವನ ಜೋಡಿ ನಾ ಮಾತಾಡಂಗಿಲ್ಲ. ಇದು ಹೊಸಾದಾಗಿ ಶುರು ಆಗಿದ್ದಲ್ಲ, ಮದಿವಿಯಾಗಿ ಬಂದ ದಿನದಿಂದಾನೂ ಹಿಂಗ. ಗಂಡನ ಅಣ್ಣನ ಎದುರು ನಿಂತು, ಮುಖ ನೋಡಿ ಮಾತಾಡಬಾರದು ಅನ್ನೋದು ನಮ್ಮ ಮನಿ ಪದ್ಧತಿ. ಆತು, ಪದ್ಧತಿ ಇರ್ಲಿ. ಆದ್ರ ಜಗಳಾ ಆಡಬಾರದು ಅಂತ ಯಾವ ಹಿರೇರೂ ಹೇಳಿಲ್ಲಲ್ಲ! ಅದಕ್ಕ ನಾವಿಬ್ರೂ ನಮ್ಮ ಮನಿಯವರನ್ನ ನಡುವ ಇಟ್ಕೊಂಡು ಜಗಳಾ ಆಡ್ಕೊಂತ ಬಂದೀವಿ.

ಭಾವ ಪಡಸಾಲ್ಯಾಗ ಉಣ್ಣಾಕ ಕುಂತು ಅಂತಾರ: “ಆಕಿಗೆ ಹೇಳು, ಸಾರಿಗೆ ಉಪ್ಪು ಹಾಕೋದು ಕಲಿ ಅಂತ.” ನಾ ಅಡಗಿಮನಿಯಿಂದಾನ ಅಂತೀನಿ: “ಅವರಿಗೆ ಹೇಳ್ರಿ, ನಾಲಿಗಿ ಸತ್ತೈತೇನು ಡಾಕ್ಟರಿಗೆ ತೋರಿಸ್ಕೊಳ್ಳಾಕ.” ಇಬ್ಬರ ನಡುವ ನಾಕು ಮಾರು ಜಾಗ ಇಲ್ಲ, ಇಬ್ಬರಿಗೂ ಎಲ್ಲಾ ಕೇಳಸ್ತೈತಿ. ಆದ್ರೂ ನಮ್ಮ ಮನಿಯವರು ತುತ್ತು ಕೈಯಾಗ ಹಿಡಕೊಂಡು, “ಏನಿಲ್ಲಣ್ಣ, ಉಪ್ಪು ತರ್ತಾಳಂತ” ಅಂತ ಹೇಳ್ತಾರ. ನಾ ಬೆಂಕಿ ಕೊಟ್ರ ಅವರು ಅದರ ಮ್ಯಾಲೆ ನೀರು ಸುರುವಿ ಅತ್ತಾಗ ದಾಟಿಸ್ತಾರ. ಅಣ್ಣನ ಬೈಗುಳನೂ ಹಂಗ ತಣ್ಣಗ ಮಾಡಿ ನನಗ ತಂದು ಕೊಡ್ತಾರ. ತಮ್ಮದೊಂದು ಮಾತು ಅದರಾಗ ಎಂದೂ ಸೇರಸಿಲ್ಲ.

ಭಾವ ಮದಿವಿ ಆಗಲಿಲ್ಲ. ಅಪ್ಪ ಬೇಗ ಹೋದ, ತಮ್ಮನ್ನ ಸಾಕೋದ್ರಾಗ ವಯಸ್ಸು ಹೋತು ಅಂತ ಅವರು ಎಲ್ಲಾರ ಮುಂದೂ ಹೇಳ್ತಾರ. ನನ್ನ ಕೇಳಿದ್ರ, ಆ ಬಾಯಿಗೆ ಯಾರು ಹೆಣ್ಣು ಕೊಡ್ತಿದ್ರು? ಆದ್ರ ಸಾಕಿದ್ದು ಸುಳ್ಳಲ್ಲ. ಗುಡ್ಡದಾಗ ಕಲ್ಲು ಒಡದು, ತಲಿ ಮ್ಯಾಲೆ ಹೊತ್ತು ತಮ್ಮನ್ನ ಬೆಳಸ್ಯಾರ. ಆ ಋಣ ನಮ್ಮ ಮನಿಯವರ ಬೆನ್ನ ಮ್ಯಾಲೆ ಕುಂತು ಬಿಟ್ಟೈತಿ, ಇಳಿಯವಲ್ದು. ಅಣ್ಣ ನಿಲ್ಲು ಅಂದ್ರ ನಿಲ್ತಾರ, ಕುಂದ್ರು ಅಂದ್ರ ಕುಂದ್ರತಾರ.

ಕುರುಗೋಡಿನಿಂದ ಬಳ್ಳಾರಿಗೆ ಹೋಗೋ ರಸ್ತಿ ಬಾಜೂಕ ನಮ್ಮದೊಂದು ಕಲ್ಲು ಕೊಯ್ಯೋ ಶೆಡ್ ಐತಿ, ಅದರ ಹಿಂದನ ಮನಿ. ತಗಡಿನ ಶೆಡ್ಡು, ಒಂದು ಮಷಿನ್ನು. ಅಡಗಿಮನಿ ಕಟ್ಟಿಗೆ, ಹೊಸ್ತಿಲಿಗೆ, ಸಮಾಧಿಗೆ ಕಲ್ಲು ಕೊಯ್ದು ಕೊಡ್ತೀವಿ. ಮಷಿನ್ ಓಡಸೋದು ನಮ್ಮ ಮನಿಯವರು. ಗಿರಾಕಿ ಜೋಡಿ ಮಾತಾಡೋದು, ಕೂಲಿಯವರನ್ನ ಬಯ್ಯೋದು ಭಾವ. ಶೆಡ್ಡಿನ ತಗಡಿನಾಗ ಒಂದು ತೂತು ಐತಿ. ಹಿಂದೊಮ್ಮೆ ಸಣ್ಣ ಬ್ಲೇಡಿನ ಅಂಚಿನ ಒಂದು ತುಣುಕು ಕಿತ್ತು ಹಾರಿ, ತಗಡು ತೂರಿಕೊಂಡು ಹೊರಗ ಹೋಗಿತ್ತು. ಬ್ಲೇಡಿನ ಅಂಚಿಗೆ ವಜ್ರದ ಪುಡಿ ಸೇರಿಸಿದ ತುಣುಕು ಬೆಸೆದಿರ್ತಾರ, ಕಲ್ಲು ತಿನ್ನೋದು ಅವ. ಆವತ್ತು ನಮ್ಮ ಮನಿಯವರು ನೀರು ಕುಡಿಯಾಕ ಬಾಜೂಕ ಸರದಿದ್ರು, ಉಳಕೊಂಡ್ರು. ಆ ತೂತಿನಾಗಿಂದ ಮಧ್ಯಾಹ್ನ ಬಿಸಲು ಬೀಳತೈತಿ, ಸರಿಯಾಗಿ ಅವರು ನಿಲ್ಲೋ ಜಾಗದಾಗ.

ಹಿಂಗಿದ್ದಾಗ ಸಿರುಗುಪ್ಪದಿಂದ ಒಂದು ಕೆಲಸ ಬಂತು. ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಾಕ ಹತ್ತಿದ್ರು. ಅದಕ್ಕ ಅಗಲ ಅಗಲ ಮೆಟ್ಟಿಲ ಕಲ್ಲು ಬೇಕು, ಮ್ಯಾಲಿನ ಮೈ ಪೂರ್ತಿ ಹೆರದು ಸಮ ಮಾಡಿರಬೇಕು. ಕೈ ಮಷಿನ್ನಿನಾಗ ಹೆರದ್ರ ಸಾವಕಾಶ ಆಗೋ ಕೆಲಸ. ಭಾವಗ ಸಾವಕಾಶ ಅನ್ನೋದು ಗೊತ್ತಿಲ್ಲ. ಬಳ್ಳಾರ್ಯಾಗ ಬಾಗಲು ಹಾಕಿದ ಒಂದು ಕಲ್ಲಿನ ಕಾರ್ಖಾನಿಯವರು ಸಾಮಾನು ಮಾರ್ತಾರ ಅಂತ ಕೇಳಿ, ತಮ್ಮನ್ನ ಕರಕೊಂಡು ಹೋಗಿ ಕಲ್ಲು ಹೆರಿಯೋ ದೊಡ್ಡ ವಜ್ರದ ಗಾಲಿ ತಂದುಬಿಟ್ರು.

ಗಾಲಿ ಅಂದ್ರ ಏನು ಗಾಲಿರೀ ಅದು! ನಮ್ಮ ಬ್ಲೇಡು ಅದರ ಮುಂದ ಸಣ್ಣ ಹುಡುಗನ ಆಟದ ಸಾಮಾನು. ದಪ್ಪ ಉಕ್ಕು, ಅಂಚು ತುಂಬ ತುಣುಕು, ಒಬ್ಬರಿಂದ ಎತ್ತಾಕ ಆಗಂಗಿಲ್ಲ. ಟೆಂಪೋದಾಗ ಹಾಕ್ಕೊಂಡು ಬಂದು, ಮೊದಲು ಕುರುಗೋಡು ಬಸವಣ್ಣನ ಗುಡಿಗೆ ಒಯ್ದು ಪೂಜಿ ಮಾಡಿಸಿಕೊಂಡು ಬಂದ್ರು. ನಮ್ಮ ಶೆಡ್ಡಿನಾಗ ಹೊಸ ಬ್ಲೇಡಿಗೂ ಹಿಂಗ ಮಾಡ್ತೀವಿ. ನಡುವಿನ ಉಕ್ಕಿನ ಮ್ಯಾಲೆ ಅಡ್ಡಡ್ಡ ಮೂರು ಪಟ್ಟಿ ವಿಭೂತಿ, ನಡುವ ಕುಂಕುಮ. ಆ ಮ್ಯಾಲೆ ಯಾರೂ ಅದನ್ನ ಕೈಯಿಂದ ಒರೆಸಂಗಿಲ್ಲ. ಮಷಿನ್ನಿಗೆ ಏರಿಸಿ, ನೀರು ಬಿಟ್ಟು, ಮೊದಲನೇ ಸುತ್ತಿನಾಗ ಅದು ತನ್ನ ಮುಖಾ ತಾನ ತೊಳಕೋಬೇಕು. ಅಲ್ಲೀತನಕ ಮುಟ್ಟಿದ್ರ ಅಪಚಾರ ಅಂತಾರ. ಸಣ್ಣ ಬ್ಲೇಡಿಗೆ ಇದೆಲ್ಲಾ ಚಂದ, ಅವನ್ನ ನಮ್ಮ ಮಷಿನ್ನಿಗೆ ಹೊಂದತಾವಂತ ನೋಡೇ ತಂದಿರ್ತೀವಿ.

“ಈ ಗಾಲಿ ನಮ್ಮ ಮಷಿನ್ ತಡಕೊಂತೈತೇನ್ರೀ?” ಅಂತ ಕೇಳಿದೆ ನಮ್ಮ ಮನಿಯವರನ್ನ.

“ಅಣ್ಣ ನೋಡಿ ತಂದಾನ” ಅಂದ್ರು.

ಅಣ್ಣ ನೋಡಿ ತಂದಾನಂತ! ಅಣ್ಣಗ ಮಷಿನ್ನಿನ ಸ್ವಿಚ್ಚು ಎಲ್ಲೈತಿ ಅಂತ ಗೊತ್ತಿದ್ರ ಹೆಚ್ಚು. ನನಗ ಮೈ ಉರದು ಹೋತು. ನಾ ಯಾರನ್ನೂ ಕೇಳಲಿಲ್ಲ. ನಮ್ಮ ಮಷಿನ್ ಕೆಟ್ಟಾಗ ಬಳ್ಳಾರಿಯಿಂದ ಬರೋ ಫಿಟ್ಟರಗ ಫೋನ್ ಹಚ್ಚಿ, “ಬಂದು ನೋಡಿ ಹೋಗಪಾ, ನನ್ನ ಗಂಡ ಅದರ ಮುಂದ ನಿಲ್ಲಾವ” ಅಂದೆ.

ಸೋಮವಾರ ಗಾಲಿ ಏರಿಸೋದು ಅಂತ ಭಾವ ನಿಕ್ಕಿ ಮಾಡಿದ್ರು. ಅವತ್ತ ಫಿಟ್ಟರು ಬಸ್ ಇಳದು ಶೆಡ್ಡಿಗೆ ಬಂದ. ಅವನ್ನ ನೋಡಿದ್ದ ತಡ, ಭಾವನ ಹುಬ್ಬು ಗಂಟಾತು.

“ಇವನ್ನ ಯಾರು ಕರದ್ರು? ಆಕಿಗೆ ಕೇಳು.”

“ಅವರಿಗೆ ಹೇಳ್ರಿ, ನಾನ ಕರದೀನಿ ಅಂತ.”

“ಅಣ್ಣ, ಬಂದಾನಲ್ಲ, ನೋಡಿ ಹೋಗ್ಲಿ ಬಿಡು” ಅಂದ್ರು ನಮ್ಮ ಮನಿಯವರು.

ಫಿಟ್ಟರು ನೋಡಾಕ ಶುರು ಮಾಡಿದ. ಬ್ಲೇಡ್ ಕೂಡಿಸೋ ಶಾಫ್ಟ್ ಹಿಡದು ಅಲುಗಾಡಿಸಿದ, ಕಿವಿ ಹಚ್ಚಿ ಕೇಳಿದ, ಬೇರಿಂಗ್ ಸ್ವಲ್ಪ ಸಡಲೈತಿ ಅಂದ. ಗಾಲಿ ನಡುವಿನ ತೂತಿನ ಅಳತಿ ತಗೊಂಡ, ಅದು ಒಳಗೊಂದು ಉಕ್ಕಿನ ಬಳಿ, ಬುಶ್, ಹಾಕಿದ್ರ ಕುಂದರತೈತಿ ಅಂದ. ಗಾಲಿಯನ್ನ ಎರಡೂ ಕಡಿಂದ ಅಮುಕಿ ಹಿಡಿಯೋ ಉಕ್ಕಿನ ಬಿಲ್ಲಿ ಸಣ್ಣವು, ಇಷ್ಟು ತೂಕಕ್ಕ ಸಾಲವು ಅಂದ. ಬ್ಲೇಡಿನ ಮ್ಯಾಲಿನ ಮುಚ್ಚಳ ಎಲ್ಲಿ ಅಂತ ಕೇಳಿದ. ಗಾಲಿ ಅದರಾಗ ಹಿಡಿಸಲ್ಲ ಅಂತ ಭಾವ ಹಿಂದಿನ ದಿನಾನ ಬಿಚ್ಚಿ ಮೂಲಿಗೆ ಒಗದಿದ್ರು. ಅದನ್ನ ಕೇಳಿ ಫಿಟ್ಟರು ನಾಲಿಗಿ ಕಚ್ಚಿಕೊಂಡ. ಆಮ್ಯಾಲೆ ಮಷಿನ್ನಿನ ಮೈಗೆ ಹೊಡದ ಪಟ್ಟಿ ಮ್ಯಾಲಿನ ಧೂಳು ಒರೆಸಿ, ಅದು ನಿಮಿಷಕ್ಕ ಎಷ್ಟು ಸುತ್ತು ತಿರುಗತೈತಿ ಅಂತ ಓದಿದ.

“ಇದೆಲ್ಲಾ ಹೆಂಗಾರ ಮಾಡಬಹುದು” ಅಂದ. “ಮುಖ್ಯ ಅಂದ್ರ ಸ್ಪೀಡು. ದೊಡ್ಡ ಗಾಲಿ ಜೋರ್ ತಿರುಗಬಾರದು, ತಿರುಗಿದ್ರ ಅಂಚಿನ ತುಣುಕು ಕಿತ್ತು ಹಾರ್ತಾವ. ಎಷ್ಟರ ಮ್ಯಾಲೆ ತಿರುಗಸಬಾರದು ಅಂತ ಗಾಲಿ ಮ್ಯಾಲೇನ ಬರದಿರ್ತೈತಿ.”

ಎಲ್ಲಾರೂ ಗಾಲಿ ಕಡಿ ನೋಡಿದ್ವಿ. ಬರದಿರಬೇಕಾದ ಜಾಗದಾಗ ಗಟ್ಟಿ ವಿಭೂತಿ. ಒಣಗಿ ಸುಣ್ಣದಂಗ ಹಿಡದಿತ್ತು.

“ಒರೆಸಿ ಓದಪಾ” ಅಂದೆ.

“ಅಮ್ಮಾ, ನನಗ್ಯಾಕ ಹೇಳ್ತೀರಿ?” ಅಂತ ಫಿಟ್ಟರು ಎರಡೂ ಕೈ ಹಿಂದಕ್ಕ ಕಟ್ಟಿಕೊಂಡ. “ಗುಡಿಯಿಂದ ಬಂದಿದ್ದು. ನಾನೂ ಮಕ್ಕಳೊಂದಿಗ.”

ಕೂಲಿಯವರು ತಲಿ ತಗ್ಗಿಸಿದ್ರು. ನಮ್ಮ ಮನಿಯವರು ತಗಡಿನ ತೂತು ನೋಡ್ಕೊಂತ ನಿಂತ್ರು. ಭಾವ ಮೀಸಿ ಮ್ಯಾಲೆ ಕೈ ಆಡಿಸಿ, “ನೋಡಿದೇನು? ಇವಗಿರೋ ಭಯ ಭಕ್ತಿ ಮನ್ಯಾಗಿನವರಿಗಿಲ್ಲ. ಆಕಿಗೆ ಹೇಳು, ಗಂಡಸರ ಕೆಲಸದಾಗ ಮೂಗು ತೂರಸಬ್ಯಾಡ, ಒಳಗ ನಡಿ ಅಂತ” ಅಂದ್ರು.

ನಮ್ಮ ಮನಿಯವರು ನನ್ನ ಕಡಿ ತಿರುಗಿ, “ಒಳಗ ಹೋಗು” ಅಂದ್ರು. ಈ ಮಾತಿಗೆ ಮಾತ್ರ ನೀರು ಬೆರಸಲಿಲ್ಲ, ಹೆಂಗಿತ್ತೋ ಹಂಗ ತಂದು ಕೊಟ್ರು.

ಒಳಗ ಹೋದೆ. ಬಕೀಟು ತುಂಬ ನೀರು, ಪಾತ್ರಿ ತಿಕ್ಕೋ ನಾರು ತಗೊಂಡು ಹೊರಗ ಬಂದೆ. ಯಾರಾದ್ರೂ ಏನಾದ್ರೂ ಅನ್ನೋದ್ರಾಗ ಗಾಲಿ ಮ್ಯಾಲೆ ನೀರು ಸುರುವಿ ತಿಕ್ಕಾಕ ಹತ್ತಿದೆ. ಬಸವಣ್ಣಾ, ತಪ್ಪು ತಿಳ್ಕೋಬ್ಯಾಡ, ನೀ ಹಾಕ್ಕೊಂಡಿದ್ದಲ್ಲ ಇದು ಅಂತ ಮನಸಿನ್ಯಾಗ ಅಂದ್ಕೊಂಡೆ. ಕುಂಕುಮದ ನೀರು ಕಾಲಾಗ ಹರೀತು. ಕೆಳಗ ಉಕ್ಕಿನ ಮ್ಯಾಲೆ ಒಂದು ಬಾಣದ ಗುರುತು, ಅದರ ಬಾಜೂಕ ಅಂಕಿ. ಅಂಕಿ ಓದಾಕ ನಾ ಇಂಜಿನಿಯರ್ ಆಗಬೇಕಿದ್ದಿಲ್ಲ. ನಮ್ಮ ಮಷಿನ್ನಿನ ಪಟ್ಟಿ ಮ್ಯಾಲೆ ಇದ್ದದ್ದರ ಅರ್ಧಾನೂ ಇದ್ದಿಲ್ಲ ಅದು.

ಜೋರಾಗಿ ಓದಿ ಹೇಳಿದೆ. ಫಿಟ್ಟರು ಬಗ್ಗಿ ನೋಡಿ, “ವದ್ದು ಸ್ವಾಮಿ, ಬ್ಯಾಡ. ನಾ ಇದನ್ನ ಏರಸಂಗಿಲ್ಲ” ಅಂತ ನಟ್ಟು ಬಿಗಿಯೋ ತನ್ನ ಪಾನಾ ಚೀಲಕ್ಕ ಹಾಕ್ಕೊಂಡ.

ಭಾವಗ ಸಿಟ್ಟು ಬಂದ್ರ ತೆಲುಗು ಬರ್ತೈತಿ. “ನೋರು ಮುಯ್!” ಅಂತ ಅವನ ಬಾಯಿ ಮುಚ್ಚಿಸಿದ್ರು. “ಅಂಕಿ ಹೆದರಸಾಕ ಬರದಿರ್ತಾರಲೇ! ಲಾರಿ ಹಿಂದ ಎಷ್ಟು ಸ್ಪೀಡು ಅಂತ ಬರದಿರ್ತಾರ, ಯಾವನಾದ್ರೂ ಅಷ್ಟರಾಗ ಹೋಗ್ತಾನೇನು? ನೀ ನಡಿ ಊರಿಗೆ. ನನ್ನ ತಮ್ಮ ಏರಸ್ತಾನ, ನನ್ನ ತಮ್ಮ ಓಡಸ್ತಾನ.”

ಅವಾಗ ನಮ್ಮ ಮನಿಯವರು ಬಗ್ಗಿ, ನೆಲದ ಮ್ಯಾಲಿದ್ದ ನಮ್ಮ ಪಾನಾ ಕೈಗೆ ತಗೊಂಡ್ರು.

ಅವರು ಹಂಗ ಬಗ್ಗಿದ್ದನ್ನ ನಾ ಇವತ್ತಿಗೂ ಕ್ಷಮಿಸಿಲ್ಲ. ಆ ಹೊತ್ತಿಗೆ ಪದ್ಧತಿ ಗಿದ್ಧತಿ ಒಂದೂ ನೆನಪಾಗಲಿಲ್ಲ ನನಗ. ಸೀದಾ ಹೋಗಿ ಮಷಿನ್ನಿನಾಗ ಕಲ್ಲು ಇಡೋ ಜಾಗದ ಮ್ಯಾಲೆ ಹತ್ತಿ ಕುಂತೆ. ತಲಿ ಮ್ಯಾಲಿನ ಸೆರಗು ಜಾರಿತ್ತು, ಜಾರ್ಲಿ ಅಂತ ಬಿಟ್ಟೆ. ಮೊದಲನೇ ಸಲ ಭಾವನ ಕಣ್ಣಾಗ ಕಣ್ಣಿಟ್ಟು ನೋಡಿದೆ.

“ಭಾವಾರ, ಏರಸ್ರಿ. ನಾ ಇಲ್ಲೇ ಕುಂತೀನಿ. ಆದ್ರ ಸ್ವಿಚ್ ಅವರು ಹಾಕಬಾರದು, ನೀವು ಹಾಕಬೇಕು. ನಿಮ್ಮ ಕೈಲೆ ಹಾಕ್ರಿ, ನೋಡೂನು.”

ಭಾವನ ಕುತ್ತಿಗಿ ನರ ಉಬ್ಬಿದ್ವು. ಆಮ್ಯಾಲೆ ಒಡಿಯಾಕ ತಂದಿದ್ದ ತೆಂಗಿನಕಾಯಿ ಎತ್ತಿ ಅಂಗಳಕ್ಕ ಒಗದು, “ಮನಿ ಹಾಳಾತು” ಅಂದ್ಕೊಂತ ರಸ್ತಿ ಕಡಿ ಹೋಗಿಬಿಟ್ರು. ಫಿಟ್ಟರು ಬಸ್ಸಿಗೆ ಹೋದ. ನಾ ಇಳದು ಬಂದು ಮುಖ ತೊಳಕೊಂಡೆ.

ಸಂಜಿಕೆ ಅಡಗಿಮನ್ಯಾಗ ರೊಟ್ಟಿ ಬಡಕೊಂತ ಬಾಯಿಗೆ ಬಂದಂಗ ಭಾವನ್ನ ಬಯ್ಯಾಕ ಹತ್ತಿದ್ದೆ. ಕಣ್ಣಿಲ್ಲೇನು, ಓದಾಕ ಬರಂಗಿಲ್ಲೇನು, ತಮ್ಮನ್ನ ಕೊಲ್ಲಾಕ ಹೊಂಟಿದ್ರು, ಅಂಕಿ ಮ್ಯಾಲೇನ ವಿಭೂತಿ ಬಳದು ಕುಂದ್ರಿಸಿದ್ರು. ನಮ್ಮ ಮನಿಯವರು ಬಾಗಲದಾಗ ಕುಂತಿದ್ರು. ಮೆಲ್ಲಕ ಅಂದ್ರು:

“ನನಗ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಅಂಕಿ. ಬಳ್ಳಾರ್ಯಾಗ ಟೆಂಪೋಕ್ಕ ಏರಸುವಾಗ ಓದಿದ್ದೆ. ಪೂಜಿಗಿಂತ ಮೊದಲ.”

ಕೈಯಾಗಿನ ರೊಟ್ಟಿ ಹಂಚಿಗೆ ಒಗದೆ. “ಮತ್ತ ಹೇಳಲಿಲ್ಲ?”

“ಅಣ್ಣ ಅಷ್ಟು ಖುಷಿಲೆ ತಂದಿದ್ದ. ಹೆಂಗ ಹೇಳಲಿ?”

ದೇವರಾಣಿ, ಆ ಕ್ಷಣಕ್ಕ ಭಾವನ ಮ್ಯಾಲಿನ ಸಿಟ್ಟು ಎಲ್ಲಿ ಹೋತೋ ಗೊತ್ತಾಗಲಿಲ್ಲ. ಅಂಕಿ ಅಂದ್ರ ಏನಂತ ತಿಳೀಲಾರದವನ ಮ್ಯಾಲೆ ಏನು ಸಿಟ್ಟು? ಓದಿ ತಿಳಕೊಂಡವ ನನ್ನ ಮುಂದ ಕುಂತಿದ್ದ. ಗಾಲಿ ಒಡಿತೈತಿ ಅಂತ ಗೊತ್ತಿದ್ದು, ಅದರ ಮುಂದ ನಿಲ್ಲಾಕ ಪಾನಾ ತಗೊಂಡವ. ಅಣ್ಣನ ಮುಖ ಬಾಡಬಾರದು ಅಂತ ನನ್ನನ್ನ ಮುಂಡಿ ಮಾಡಾಕ ತಯಾರಾದವ.

“ನಿಮ್ಮಣ್ಣಗೋಸ್ಕರ ಸಾಯಾಕ ಬರ್ತೈತಿ ನಿಮಗ, ನನ್ನ ಸಲುವಾಗಿ ಒಂದು ಮಾತು ಆಡಾಕ ಬರಂಗಿಲ್ಲ” ಅಂದೆ. “ಇನ್ನ ನನ್ನ ಜೋಡಿ ಮಾತಾಡಬ್ಯಾಡ್ರಿ.” ಆ ರೊಟ್ಟಿ ಹಂಚಿನ ಮ್ಯಾಲೆ ಹತ್ತಿ ಕರ್ರಗಾತು. ಅದನ್ನ ಅವರ ತಾಟಿಗೆ ಹಾಕಿದೆ, ತಿಂದ್ರು.

ಆವತ್ತಿನಿಂದ ಮನ್ಯಾಗ ಮಾತು ನಿಂತ್ವು. ನಾ ಗಂಡನ ಜೋಡಿ ಮಾತಾಡಲಿಲ್ಲ ಅಂದ್ರ ಭಾವಗ ನನ್ನನ್ನ ಬಯ್ಯಾಕ ದಾರಿನ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದ್ರೂ ಸುಮ್ಮನ ನುಂಗಬೇಕಾತು. ಸಿರುಗುಪ್ಪದ ಮೆಟ್ಟಿಲು ಕೈ ಮಷಿನ್ನಿನಾಗ ಹೆರದು ಹೆರದು ಮುಗಿಸಿ ಕಳಿಸಿದ್ರು. ಒಂದೊಂದು ಕಲ್ಲು ಲಾರಿಗೆ ಏರಸುವಾಗಲೂ ಭಾವ “ಗಾಲಿ ಓಡಿದ್ರ ಎಂದೋ ಮುಗೀತಿತ್ತು” ಅಂತ ನನಗ ಕೇಳಸಂಗ ಕೂಲಿಯವರಿಗೆ ಹೇಳಿದ್ರು.

ಗಾಲಿಯನ್ನ ಶೆಡ್ಡಿನ ಗ್ವಾಡಿಗೆ ಆನಿಸಿ ನಿಲ್ಲಿಸಿದ್ರು. ಸೋಮವಾರ ಮುಂಜಾನೆ ಭಾವ ಜಳಕ ಮಾಡಿ ಬಂದು ಅದಕ್ಕ ಮತ್ತ ಮೂರು ಪಟ್ಟಿ ಬಳದು ಕುಂಕುಮ ಹಚ್ಚತಿದ್ರು, ಸರಿಯಾಗಿ ಅಂಕಿ ಮ್ಯಾಲೆ. “ಈ ಸೋಮವಾರ ಅಲ್ಲಂದ್ರ ಮುಂದಿನ ಸೋಮವಾರ ಓಡಸೋದ” ಅಂತಿದ್ರು. ಮಧ್ಯಾಹ್ನ ಅವರು ಉಂಡು ಮಲಕೊಂಡಾಗ ನಾ ಹೋಗಿ ತಿಕ್ಕಿ ತೊಳೀತಿದ್ದೆ. ಕಣ್ಣಿಗೆ ಕಾಣೋ ಅಂಕಿ ಮುಂದ ಪಾನಾ ಹಿಡಿಯಾಕ ಮನುಷ್ಯಾಗ ಸ್ವಲ್ಪರ ನಾಚಿಕಿ ಬರ್ತೈತಿ, ಮುಚ್ಚಿಟ್ರ ಅದೂ ಬರಂಗಿಲ್ಲ. ನಮ್ಮ ಮನಿಯವರು ಮಷಿನ್ ಹತ್ರ ನಿಂತು ನೋಡ್ತಿದ್ರು. ಬಳಿಯೋದನ್ನೂ ನೋಡ್ತಿದ್ರು, ತೊಳಿಯೋದನ್ನೂ ನೋಡ್ತಿದ್ರು.

ಅಷ್ಟರಾಗ ದೇಶನೂರಿನಿಂದ, ನನ್ನ ತವರಿನಿಂದ ಫೋನ್ ಬಂತು. ನೆಲ್ಲು ನಾಟಿ ನಡದಿತ್ತು, ಆಳು ಸಿಗವಲ್ರು, ಅವ್ವ ಒಬ್ಬಾಕಿ ಅಡಗಿ ಮಾಡಾಕ ಆಗವಲ್ದು ಅಂತ. ಹೋದೆ. ಹೋಗೋ ಮುಂದ ಗಾಲಿ ತೊಳದು, ನಮ್ಮ ಮನಿಯವರ ಮುಂದ ನಿಂತು, ಒಂದು ಮಾತಾಡಲಾರದ, ಆ ಅಂಕಿ ಮ್ಯಾಲೆ ಬೆರಳಿಟ್ಟು ತೋರಿಸಿ ಹೋದೆ.

ತವರಾಗ ಕೈ ಕೆಲಸ ಮಾಡ್ತಿತ್ತು, ಜೀವ ಶೆಡ್ಡಿನಾಗ ಇತ್ತು. ಸೋಮವಾರ ಬಂದ ಕೂಡಲೆ ತಡಕೊಳ್ಳಾಕ ಆಗಲಿಲ್ಲ. ನಾನಿಲ್ಲ, ಬಕೀಟು ತರೋರಿಲ್ಲ, ಮಷಿನ್ ಮ್ಯಾಲೆ ಹತ್ತಿ ಕುಂದ್ರೋರಿಲ್ಲ. ಫೋನ್ ಮಾಡಾಕ ಹಾಳು ಹಟ ಬಿಡವಲ್ದು. ಮುಂಜಾನೆ ಬಸ್ಸಿಗೆ ತೆಕ್ಕಲಕೋಟಿ ದಾಟಿ ಬರುವಾಗ ಎದುರಿಗೆ ಬರೋ ಗಾಡಿ ಒಂದೊಂದನ್ನೂ ನೋಡಿದೆ, ಯಾರನ್ನಾದ್ರೂ ಬಳ್ಳಾರಿ ದವಾಖಾನಿಗೆ ಒಯ್ದಿರ್ತಾರೇನೋ ಅನ್ನೋ ಹುಚ್ಚು ಮನಸ್ಸು. ನಮ್ಮ ಕಡಿಂದ ಬಳ್ಳಾರಿಗೆ ಹೋಗೋ ಗಾಡಿ ನನಗ ಎದುರಿಗೆ ಬರಂಗಿಲ್ಲ ಅನ್ನೋದೂ ಹೊಳೀಲಿಲ್ಲ.

ಬಸ್ ಇಳದೆ. ಮಷಿನ್ನಿನ ಸಪ್ಪಳ ಇದ್ದಿಲ್ಲ. ಭಾವನ ದನಿ ಮಾತ್ರ ರಸ್ತಿತನಕ ಕೇಳಸ್ತಿತ್ತು, ಅದೂ ತೆಲುಗಿನ್ಯಾಗ. ಓಡಿ ಹೋಗಿ ಶೆಡ್ಡಿನ ಬಾಗಲಾಗ ನಿಂತೆ. ನಮ್ಮ ಮನಿಯವರು ಎರಡು ಕಾಲ ಮ್ಯಾಲೆ ಸರಿಯಾಗಿ ನಿಂತಿದ್ರು. ಗಾಲಿ ಗ್ವಾಡಿಗೇ ಇತ್ತು. ಅಂಕಿ ಸ್ವಚ್ಛ ಕಾಣಸ್ತಿತ್ತು, ನೀರು ಇನ್ನೂ ಆರಿದ್ದಿಲ್ಲ.

ನನ್ನನ್ನ ನೋಡಿ ಭಾವ ಇನ್ನೂ ಜೋರಾದ್ರು. “ನೋಡು, ಬಂದ ಬಂದಂಗ ಒರೆಸ್ಯಾಳ! ಈಗಷ್ಟ ಬಳದು ಹೋಗಿ ನಾಷ್ಟಾ ಮಾಡಿ ಬಂದೀನಿ, ಅಷ್ಟರಾಗ! ಆಕಿಗೆ ಕೇಳು, ಈ ಮನ್ಯಾಗ ದೇವರು ಬೇಕೋ ಬ್ಯಾಡೋ ಅಂತ!”

ನಾ ಮಾತು ಬಿಟ್ಟಿದ್ದು ಮರತೇ ಹೋತು. “ಅವರಿಗೆ ಹೇಳ್ರಿ, ನನ್ನ ಕೈಯಾಗ ಇನ್ನೂ ಊರಿನ ಬ್ಯಾಗ್ ಐತಿ, ಕಣ್ಣು ಕಾಣಸ್ತಾವೋ ಇಲ್ಲೋ!”

ಇಬ್ರೂ ನಮ್ಮ ಮನಿಯವರ ಕಡಿ ನೋಡಿದ್ವಿ. ಅವರು ಹೆಗಲ ಮ್ಯಾಲಿನ ಟವೆಲ್ ತಗದು ಕೈ ಒರೆಸಿಕೊಂಡ್ರು. ಟವೆಲ್ ತುಂಬ ಕುಂಕುಮ.

“ಆಕಿ ಅಲ್ಲಣ್ಣ. ನಾನ ಒರೆಸಿದ್ದು” ಅಂದ್ರು. “ಅದನ್ನ ನಾ ಏರಸಂಗಿಲ್ಲ.”

ಭಾವ ತಿರುಗಿ, ನನ್ನ ಮುಖಾನ ಸೀದಾ ನೋಡಿ ಕೇಳಿದ್ರು: “ಏನವ್ವಾ, ಇವಗ ಇದನ್ನ ನೀ ಕಲಿಸಿದೇನು?”

ಮದಿವಿಯಾದಾಗಿನಿಂದ ನನಗ ಅವರಾಡಿದ ಮೊದಲನೇ ಮಾತು. ನಾ ಗಾಬರಿಯಾಗಿ, ಚಾಳಿ ಬಿಡಲಾರದ, ನಮ್ಮ ಮನಿಯವರ ಕಡಿ ತಿರುಗಿದೆ. “ಅವರಿಗೆ ಹೇಳ್ರಿ—”

“ನೀವು ನೀವ ಮಾತಾಡ್ಕೋರಿ” ಅಂದ್ರು ಅವರು. “ನನಗ ಕೆಲಸ ಐತಿ.”

ಹಳೇ ಸಣ್ಣ ಬ್ಲೇಡಿಗೆ ನೀರು ಬಿಟ್ಟು, ಮುಚ್ಚಳ ಇಳಿಸಿ, ಸ್ವಿಚ್ ಹಾಕಿದ್ರು. ಆ ಸಪ್ಪಳದಾಗ ಭಾವ ಏನಂದ್ರೋ ನನಗ ಕೇಳಸಲಿಲ್ಲ, ನಾ ಅಂದಿದ್ದು ಅವರಿಗೂ ಕೇಳಸಲಿಲ್ಲ.